ಸಮನ್ವಯ ಶಿಕ್ಷಣವೂ ಶಿಶುರಕ್ಷಣೆಯೂ: ಒಂದು ಆಕ್ಷೇಪಕ್ಕೆ ಉತ್ತರ

ಕಳೆದ ತಿಂಗಳು ನಮ್ಮ ಸಂಘದ ಆಶ್ರಯದಲ್ಲಿ ನಡೆದ ವಿದ್ಯಾವಿಷಯಕ ಗೋಷ್ಠಿಯ ಕೊನೆಯಲ್ಲಿ ಹಿರಿಯರೊಬ್ಬರು ಎದ್ದುನಿಂತು ಆಡಿದ ನಾಲ್ಕು ಮಾತುಗಳು ಈ ಲೇಖನಕ್ಕೆ ಕಾರಣವಾದುವು. ನಾನು ಬಹುವಾಗಿ ಗೌರವಿಸುವವರಲ್ಲಿ ಅವರು ಒಬ್ಬರು. ಅವರ ಬಳಿ ಪಾಠ ಹೇಳಿಸಿಕೊಂಡವರು ಈ ಪತ್ರಿಕೆಯ ವಾಚಕರಲ್ಲಿಯೇ ಅನೇಕರಿದ್ದಾರೆ. ಅವರೆಂದದ್ದು ಇಷ್ಟು: “ಅಂಗವೈಕಲ್ಯವುಳ್ಳ ಮಕ್ಕಳ ವಿಷಯದಲ್ಲಿ ನನಗೂ ಕನಿಕರವುಂಟು. ಆದರೆ ಅವರನ್ನು ಎಲ್ಲ ಮಕ್ಕಳ ನಡುವೆ ತಂದು ಕೂರಿಸುವುದು ಅವರಿಗೂ ಹಿತವಲ್ಲ, ಇತರರಿಗೂ ಹಿತವಲ್ಲ. ಗಿಡ ಎಳೆಯದಾದಷ್ಟೂ ಬೇಲಿ ಎತ್ತರವಾಗಿರಬೇಕು. ಅವರಿಗೆಂದೇ ಬೇರೆ ಶಾಲೆಗಳಿರಲಿ, ಸುತ್ತ ಭದ್ರವಾದ ಗೋಡೆಯಿರಲಿ. ಇಲ್ಲವೇ ಮನೆಯಲ್ಲಿಯೇ ತಾಯಿಯ ಕಣ್ಣಳತೆಯಲ್ಲಿರಲಿ.” ಸಭೆ ಕೈತಟ್ಟಿತು. ಅಧ್ಯಕ್ಷರು ವಂದನಾರ್ಪಣೆಗೆ ಎದ್ದುಬಿಟ್ಟಿದ್ದರಿಂದ ನಾನು ಬಾಯಿ ತೆರೆಯಲಿಲ್ಲ. ತೆರೆಯದೆ ಇದ್ದದ್ದು ಒಳ್ಳೆಯದೇ ಆಯಿತೇನೋ. ಆ ಹೊತ್ತಿನಲ್ಲಿ ಆಡಿದ್ದರೆ ಮಾತು ಬಿರುಸಾಗುತ್ತಿತ್ತು.

ದ್ವೇಷದ ಮಾತಿಗೆ ಉತ್ತರ ಹೇಳುವುದು ಸುಲಭ. ಕನಿಕರದ ಮಾತಿಗೆ ಹೇಳುವುದು ಕಷ್ಟ. ಕೆಲವು ವರ್ಷಗಳಿಂದ ನಾನು ಸಮನ್ವಯ ಶಿಕ್ಷಣ, ಮಕ್ಕಳ ರಕ್ಷಣೆ ಎಂಬ ಎರಡು ಬಗೆಯ ಕಾರ್ಯಕ್ರಮಗಳಿಗೆ ಸಲಹೆಗಾರನೆಂಬ ಹೆಸರಿನಿಂದ ತಾಲ್ಲೂಕು ತಾಲ್ಲೂಕು ತಿರುಗುತ್ತಿರುವವನು. ಈ ಅವಧಿಯಲ್ಲಿ ಮಕ್ಕಳಿಗೆ ಕ್ರೂರಿಗಳಿಂದಾದ ಅಪಾಯವನ್ನು ಕಂಡಿದ್ದೇನೆ. ಕನಿಕರವುಳ್ಳವರಿಂದಾದ ಅಪಾಯವನ್ನು ಅದಕ್ಕಿಂತ ಹೆಚ್ಚಾಗಿ ಕಂಡಿದ್ದೇನೆ. ಆದಕಾರಣ ಹಿರಿಯರು ಕ್ಷಮಿಸಬೇಕು.

ಮೊದಲು ಹೆಸರಿನ ವಿಚಾರ. ಈ ಮಕ್ಕಳನ್ನು ನಮ್ಮ ಅಜ್ಜಂದಿರು ಕುರುಡ, ಕುಂಟ, ಕಿವುಡ, ಪೆದ್ದ ಎಂದು ಕರೆದರು. ಆ ಬಳಿಕ ನಾವು ಅಂಗವಿಕಲರೆಂದೆವು. ಅದು ಕಟುವಾಯಿತೆಂದು ವಿಕಲಚೇತನರೆಂದೆವು. ಅದರಲ್ಲಿಯೂ ವಿಕಲತೆ ಉಳಿಯಿತಲ್ಲಾ ಎಂದು ವಿಶೇಷಚೇತನರೆಂದೆವು. ಹಿಂದಿಯವರು ದಿವ್ಯಾಂಗರೆಂದು ಕರೆದು ದೈವತ್ವಕ್ಕೇ ಏರಿಸಿಬಿಟ್ಟರು. ಹೆಸರು ಇಷ್ಟು ಮೆಟ್ಟಿಲು ಏರಿತು. ಶಾಲೆಯ ಮೂರು ಮೆಟ್ಟಿಲುಗಳನ್ನು ಮಗು ಏರುವುದಕ್ಕೆ ಮಾತ್ರ ದಾರಿಯಾಗಲಿಲ್ಲ. 1995ರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದುವು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯಲ್ಲಿ ಇಪ್ಪತ್ತೊಂದಾದುವು. ಪಟ್ಟಿ ಬೆಳೆದದ್ದು ಒಳ್ಳೆಯದೇ. ಆದರೆ 2011ರ ಜನಗಣತಿಯು ನಮ್ಮ ದೇಶದಲ್ಲಿ 2 ಕೋಟಿ 68 ಲಕ್ಷ ಮಂದಿ ವಿಕಲರನ್ನು ಎಣಿಸಿದಾಗ, ಅವರಲ್ಲಿ ಐದರಿಂದ ಹತ್ತೊಂಬತ್ತು ವರ್ಷದ ಮಕ್ಕಳ ಪೈಕಿ ನೂರಕ್ಕೆ 27ರಷ್ಟು ಮಂದಿ ಯಾವ ವಿದ್ಯಾಲಯದ ಹೊಸಲನ್ನೂ ಎಂದೂ ತುಳಿಯದವರಾಗಿದ್ದರು. ಇದನ್ನು ಮರೆತು ಹೆಸರಿನ ಚರ್ಚೆಯಲ್ಲಿ ಕಾಲ ಕಳೆಯುವುದು, ಹಸಿದವನ ಮುಂದೆ ಅಡುಗೆಯ ಹೆಸರನ್ನು ತಿದ್ದುತ್ತ ಕುಳಿತಂತೆ.

ಸಮನ್ವಯ ಶಿಕ್ಷಣವೆಂದರೇನು? ಮೇಲೆ ಹೇಳಿದ 2016ರ ಕಾಯಿದೆಯ ಲಕ್ಷಣದ ತಾತ್ಪರ್ಯವಿದು: ವೈಕಲ್ಯವುಳ್ಳ ಮಕ್ಕಳೂ ಇಲ್ಲದ ಮಕ್ಕಳೂ ಒಂದೆಡೆ ಕಲಿಯತಕ್ಕದ್ದು, ಮತ್ತು ಬೋಧನೆಯ ಕ್ರಮವು ಆ ಎಲ್ಲ ಮಕ್ಕಳಿಗೂ ಒಗ್ಗುವಂತೆ ಮಾರ್ಪಾಟಾಗತಕ್ಕದ್ದು. ವಾಕ್ಯಕ್ಕೆ ಎರಡು ಅರ್ಧಗಳಿವೆ. ನಮ್ಮವರು ಮೊದಲನೆಯ ಅರ್ಧವನ್ನು ಓದಿ ಪುಸ್ತಕ ಮುಚ್ಚುತ್ತಾರೆ. ಮಗುವಿನ ಹೆಸರು ಹಾಜರಿ ಪುಸ್ತಕದಲ್ಲಿ ಏರಿತು, ಮಗು ಕಡೆಯ ಬೆಂಚಿನ ಮೂಲೆಯಲ್ಲಿ ಕೂತಿತು, ಸಮನ್ವಯವಾಯಿತು. ಇದಕ್ಕೆ ನಾನು ಹಾಜರಿ ಪುಸ್ತಕದ ಸಮನ್ವಯವೆಂದು ಹೆಸರಿಟ್ಟಿದ್ದೇನೆ. ಹಿರಿಯರು ಕಂಡು ಮರುಗಿದ್ದು ಇಂತಹ ದೃಶ್ಯವನ್ನೇ ಆಗಿದ್ದಲ್ಲಿ, ಅವರ ಮರುಕದಲ್ಲಿ ನನ್ನದೂ ಪಾಲಿದೆ. ಆದರೆ ಕೆಟ್ಟ ಅಡುಗೆಯನ್ನು ತೋರಿಸಿ ಊಟವೇ ಬೇಡವೆನ್ನುವುದು ನ್ಯಾಯವಲ್ಲ.

ಇದು ನಿನ್ನೆ ಮೊನ್ನೆ ಪರದೇಶದಿಂದ ಬಂದಿಳಿದ ಹೊಸ ಹುಚ್ಚೆಂದು ಭಾವಿಸುವವರೂ ಇದ್ದಾರೆ. ಸ್ವಾತಂತ್ರ್ಯಕ್ಕೆ ಮೊದಲೇ, 1944ರಲ್ಲಿ, ಸಾರ್ಜೆಂಟರ ವರದಿಯೆಂದು ಪ್ರಸಿದ್ಧವಾದ ಶಿಕ್ಷಣ ಯೋಜನೆಯು, ಅನಿವಾರ್ಯವಾದಲ್ಲಿ ಹೊರತು ಈ ಮಕ್ಕಳನ್ನು ಬೇರ್ಪಡಿಸಕೂಡದೆಂದು ಹೇಳಿತು. ಇವರನ್ನು ಸಾಮಾನ್ಯ ಶಾಲೆಗಳಲ್ಲಿ ಓದಿಸುವ ಕೇಂದ್ರ ಸರಕಾರದ ಯೋಜನೆ 1974ರಲ್ಲಿಯೇ ಬಂದಿತು. ಸ್ಪೇನಿನ ಸಲಮಾಂಕಾದಲ್ಲಿ 92 ಸರಕಾರಗಳು ಕೂಡಿ ಘೋಷಣೆ ಹೊರಡಿಸಿದ್ದು ಆಮೇಲೆ ಇಪ್ಪತ್ತು ವರ್ಷಕ್ಕೆ, 1994ರಲ್ಲಿ. ನಮಗೆ ವಿಚಾರದ ಬಡತನ ಎಂದೂ ಇರಲಿಲ್ಲ.

ಇನ್ನು ಗೋಡೆಯ ವಿಚಾರಕ್ಕೆ ಬರುತ್ತೇನೆ, ಮುಖ್ಯವಾದದ್ದು ಅದೇ. ಗೋಡೆ ಎತ್ತರವಾದಷ್ಟೂ ಮಗು ಕ್ಷೇಮವೆಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರುಬಿಟ್ಟಿದೆ. ಆದರೆ ಗೋಡೆಯು ಹೊರಗಿನವನನ್ನು ತಡೆಯುವುದೇ ಹೊರತು ಒಳಗಿನವನನ್ನು ತಡೆಯದು. ಮಕ್ಕಳ ಮೇಲಣ ಲೈಂಗಿಕ ಅಪರಾಧಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಮೇಲ್ಪಟ್ಟು ಆರೋಪಿಯು ಮಗುವಿಗೆ ಮೊದಲೇ ಪರಿಚಿತನಾಗಿರುವನೆಂಬುದನ್ನು ನಮ್ಮ ದೇಶದ ಅಪರಾಧ ದಾಖಲೆಗಳು ವರ್ಷವರ್ಷವೂ ಹೇಳುತ್ತಿವೆ. ಹಾಗಾದರೆ ಬೇಲಿ ಯಾರಿಗೆ?

ದಕ್ಷಿಣ ಕೊರಿಯದ ಗ್ವಾಂಗ್ಜು ಎಂಬ ಪಟ್ಟಣದಲ್ಲಿ ಇನ್ಹ್ವಾ ಎಂಬ ಕಿವುಡು ಮಕ್ಕಳ ಶಾಲೆಯೊಂದಿದ್ದಿತು. ಹಿರಿಯರು ಬಯಸಿದ ಲಕ್ಷಣಗಳೆಲ್ಲವೂ ಅದಕ್ಕೆ ಇದ್ದುವು: ಪ್ರತ್ಯೇಕವಾದ ಶಾಲೆ, ವಸತಿ, ಆವರಣ, ಧರ್ಮಕಾರ್ಯವೆಂಬ ಕೀರ್ತಿ. ಅದರೊಳಗೆ ಮುಖ್ಯೋಪಾಧ್ಯಾಯನೂ ಸಿಬ್ಬಂದಿಯೂ ಸೇರಿ ಮಕ್ಕಳ ಮೇಲೆ ವರ್ಷಗಟ್ಟಲೆ ಅತ್ಯಾಚಾರವೆಸಗಿದರು. 2005ರಲ್ಲಿ ಒಳಗಿನವರೊಬ್ಬರೇ ಹೊರಗೆ ಬಂದು ಹೇಳುವವರೆಗೆ ಲೋಕಕ್ಕೆ ಸುಳಿವು ಹತ್ತಲಿಲ್ಲ. ಹತ್ತಿದ ಮೇಲೂ ಶಿಕ್ಷೆ ಹಗುರಾಗಿಯೇ ಹೋಯಿತು. 2009ರಲ್ಲಿ ಅದನ್ನು ಕುರಿತು ಕಾದಂಬರಿಯೂ 2011ರಲ್ಲಿ ಚಲಚ್ಚಿತ್ರವೂ ಬಂದು ಜನ ರೊಚ್ಚಿಗೆದ್ದ ಬಳಿಕ ಶಾಲೆ ಮುಚ್ಚಿತು, ಕಾನೂನು ಬದಲಾಯಿತು. ಅಷ್ಟು ವರ್ಷ ಆ ಮಕ್ಕಳು ಸುಮ್ಮನಿದ್ದರೆಂದೇ? ಅವರು ಕೈಸನ್ನೆಯಿಂದ ಹೇಳುತ್ತಿದ್ದರು. ಅದನ್ನು ಓದಬಲ್ಲವರು ಅಪರಾಧಿಗಳ ಜತೆಗಾರರೇ ಆಗಿದ್ದರು.

ದೂರದ ಕಥೆ ಬೇಡವೆಂದರೆ ಬಿಹಾರದ ಮುಜಫರಪುರವಿದೆ. ಅಲ್ಲಿನದು ವಿಕಲರ ಶಾಲೆಯಲ್ಲ, ಅನಾಥ ಬಾಲಿಕೆಯರ ಆಶ್ರಯಗೃಹ. ಆದರೆ ಗೋಡೆಯ ನ್ಯಾಯ ಒಂದೇ. ಸರಕಾರದ ಹಣದಿಂದ ನಡೆಯುತ್ತಿದ್ದ ಆ ಗೃಹದಲ್ಲಿ 30ಕ್ಕೂ ಹೆಚ್ಚು ಬಾಲಿಕೆಯರು ಪಟ್ಟ ಪಾಡು, ಮುಂಬಯಿಯ ಟಾಟಾ ಸಮಾಜವಿಜ್ಞಾನ ಸಂಸ್ಥೆಯವರು ಒಳಹೊಕ್ಕು ಪರಿಶೀಲಿಸಿ ಬರೆದ ಮೇಲೆ 2018ರಲ್ಲಿ ಬಯಲಾಯಿತು. 2020ರಲ್ಲಿ 19 ಮಂದಿ ಅಪರಾಧಿಗಳೆಂದು ತೀರ್ಪಾಯಿತು. ಅದಕ್ಕೆ ಮುಂಚೆ ಆ ಗೃಹಕ್ಕೆ ತಪಾಸಣೆಯವರು ಬರಲೇ ಇಲ್ಲವೆಂದಲ್ಲ. ಅವರು ಬಂದರು, ನೋಡಿದರು, ಎಲ್ಲವೂ ಸರಿಯಾಗಿದೆಯೆಂದು ಬರೆದು ಹೋದರು.

2012ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಲೆಕ್ಕದಂತೆ, ವೈಕಲ್ಯವುಳ್ಳ ಮಕ್ಕಳು ಹಿಂಸೆಗೆ ಗುರಿಯಾಗುವ ಸಂಭವವು ಇತರ ಮಕ್ಕಳಿಗಿಂತ ಮೂರೂವರೆ ಪಟ್ಟಿಗೂ ಮಿಗಿಲು. ಆ ಅಧ್ಯಯನಗಳು ಬಹುಮಟ್ಟಿಗೆ ಸಿರಿವಂತ ದೇಶಗಳವು. ನಮ್ಮ ಸ್ಥಿತಿ ಅದಕ್ಕಿಂತ ಮೇಲಾಗಿದೆಯೆಂದು ನಂಬುವವರಿಗೆ ನಾನು ಅಡ್ಡಬರುವುದಿಲ್ಲ. ಕಾರಣವನ್ನು ಹುಡುಕಿ ದೂರ ಹೋಗಬೇಕಾಗಿಲ್ಲ. ಆ ಮಗು ಒಂಟಿಯಾಗಿದೆ. ತನ್ನ ಮೈಯ ಕೆಲಸಗಳಿಗೆ ಪರರ ಕೈಯನ್ನು ಕಾಯುತ್ತದೆ. ಅದು ಹೇಳಿದರೂ ಯಾರೂ ನಂಬುವುದಿಲ್ಲ. ಈ ಮೂರನ್ನೂ ಪಾತಕಿಯು ನಮಗಿಂತ ಚೆನ್ನಾಗಿ ಬಲ್ಲ. ಪ್ರತ್ಯೇಕಿಸಿ ಇಡುವುದರಿಂದ ಮೂರರಲ್ಲಿ ಯಾವುದು ಕಡಮೆಯಾಗುತ್ತದೆ? ಒಂಟಿತನ ಹೆಚ್ಚುತ್ತದೆ, ಪರಾಧೀನತೆ ಹೆಚ್ಚುತ್ತದೆ, ಹೇಳುವುದಕ್ಕೆ ಇನ್ನೊಂದು ಕಿವಿಯೇ ಇಲ್ಲವಾಗುತ್ತದೆ. ಬದಲಾಗಿ, ನಲವತ್ತು ಮಕ್ಕಳ ನಡುವೆ ಕೂತ ಮಗುವಿಗೆ ಎಂಬತ್ತು ಕಣ್ಣುಗಳ ಕಾವಲಿದೆ. “ಸಾರ್, ಅವಳು ಎರಡು ದಿನದಿಂದ ಊಟ ಮಾಡುತ್ತಿಲ್ಲ, ವ್ಯಾನು ಹತ್ತಲು ಅಳುತ್ತಾಳೆ” ಎಂದು ನನಗೆ ಮೊಟ್ಟಮೊದಲು ಹೇಳಿದ್ದು ಯಾವ ಸಮಿತಿಯೂ ಅಲ್ಲ, ಪಕ್ಕದಲ್ಲಿ ಕೂರುವ ಒಂಬತ್ತು ವರ್ಷದ ಹುಡುಗಿ. ಈ ಪ್ರಸಂಗಕ್ಕೆ ಮುಂದೆ ಬರುತ್ತೇನೆ.

ಗೋಷ್ಠಿಯಲ್ಲಿ ಹಿರಿಯರು ಗದಗಿನ ವೀರೇಶ್ವರ ಪುಣ್ಯಾಶ್ರಮವನ್ನು ತಮ್ಮ ಪಕ್ಷಕ್ಕೆ ಸಾಕ್ಷಿಯಾಗಿ ಕರೆದರು. ಪಂಚಾಕ್ಷರ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ನೆನೆದು ಕೈಮುಗಿಯದ ಕನ್ನಡಿಗನಾರು? ಆದರೆ ಸಾಕ್ಷಿ ನನ್ನ ಕಡೆಗೇ ನುಡಿಯುತ್ತದೆಂಬುದನ್ನು ಅವರು ಗಮನಿಸಲಿಲ್ಲ. ಆ ಇಬ್ಬರು ಮಹನೀಯರಿಗೂ ಕಣ್ಣಿರಲಿಲ್ಲ. ಶಿಷ್ಯರಲ್ಲಿ ಕಣ್ಣಿಲ್ಲದವರೂ ಕಣ್ಣುಳ್ಳವರೂ ಇದ್ದರು. ಬಸವರಾಜ ರಾಜಗುರುಗಳಂತಹ ಕಣ್ಣುಳ್ಳ ಗಾಯಕರು ಪಂಚಾಕ್ಷರ ಗವಾಯಿಗಳ ಬಳಿಯಲ್ಲಿಯೇ ಕಲಿತು ಬೆಳೆದವರು. ನಾಟಕ ಕಂಪನಿಯನ್ನು ಕಟ್ಟಿ ಊರೂರು ತಿರುಗಿ, ಕಲಿತದ್ದನ್ನು ಜನರ ಮುಂದಿಟ್ಟ ಪರಂಪರೆ ಅದು. ಕಣ್ಣಿಲ್ಲದ ಗುರುವಿನ ಮುಂದೆ ಕಣ್ಣುಳ್ಳ ಶಿಷ್ಯನು ಕೂತು ಸ್ವರ ತಿದ್ದಿಕೊಳ್ಳುವುದಕ್ಕಿಂತ ಮಿಗಿಲಾದ ಸಮನ್ವಯ ಯಾವ ಕಾಯಿದೆಯಲ್ಲಿದೆ?

ಮನೆಯೇ ಲೇಸೆಂಬ ವಾದವೊಂದು ಉಳಿಯಿತು. 2009ರ ಶಿಕ್ಷಣ ಹಕ್ಕಿನ ಕಾಯಿದೆಗೆ 2012ರಲ್ಲಿ ಮಾಡಿದ ತಿದ್ದುಪಡಿಯಂತೆ, ತೀವ್ರವಾದ ಅಥವಾ ಬಹುವಿಧ ವೈಕಲ್ಯವುಳ್ಳ ಮಗು ಮನೆಯಲ್ಲಿಯೇ ಶಿಕ್ಷಣ ಪಡೆಯುವುದನ್ನು ಆರಿಸಿಕೊಳ್ಳಬಹುದು. ಆರಿಸಿಕೊಳ್ಳಬಹುದೆಂಬುದು ಮಗುವಿಗೂ ಅದರ ಹೆತ್ತವರಿಗೂ ಕೊಟ್ಟ ಹಕ್ಕು. ಶಾಲೆಯವರಿಗೆ ಕೊಟ್ಟ ಪರವಾನಗಿಯಲ್ಲ. ಆದರೆ ಕಾಲೆಳೆಯುವ ಮಗು ಬಾಗಿಲಿಗೆ ಬಂದೊಡನೆ “ಇದಕ್ಕೆ ಗೃಹಾಧಾರಿತವೇ ಸರಿ” ಎಂದು ಬರೆದು ಕಳುಹಿಸುವ ಮುಖ್ಯೋಪಾಧ್ಯಾಯರನ್ನು ನಾನು ಬಲ್ಲೆ. ಮಹಾಭಾರತದಲ್ಲಿ ಜನಕನ ಯಜ್ಞಶಾಲೆಯ ಬಾಗಿಲಲ್ಲಿ ಅಷ್ಟಾವಕ್ರನನ್ನು ದ್ವಾರಪಾಲಕನು ತಡೆದನಷ್ಟೆ. ಅಲ್ಲಿ ಬಾಲಕನು ವಾದಿಸಿ ಒಳಹೊಕ್ಕನು. ಏಳು ವರ್ಷದ ಮಗು ನಮ್ಮ ಮುಖ್ಯೋಪಾಧ್ಯಾಯರೊಡನೆ ವಾದಿಸಲಾರದು.

ಒಂದು ಮನೆಯ ಮಾತು ಹೇಳುತ್ತೇನೆ. ಬೇಸಗೆಯ ಮಧ್ಯಾಹ್ನ, ಬಾಗಿಲು ಹೊರಗಿನಿಂದ ಚಿಲಕ ಹಾಕಿತ್ತು. ನೆರೆಯವರು ತೆರೆದು ತೋರಿಸಿದರು. ಎಂಟು ವರ್ಷದ ಹುಡುಗ, ಬುದ್ಧಿ ವಯಸ್ಸಿಗೆ ತಕ್ಕಂತೆ ಬೆಳೆಯದವನು, ಕಿಟಕಿಯ ಸರಳಿಗೆ ಹಳೆಯ ಸೀರೆಯ ಅಂಚಿನಿಂದ ಕಟ್ಟಿಸಿಕೊಂಡು ಕುಳಿತಿದ್ದ. ಪಕ್ಕದಲ್ಲಿ ನೀರಿನ ಚೊಂಬು, ತಟ್ಟೆಯಲ್ಲಿ ಆರಿದ ಅನ್ನ. ಸಂಜೆ ತಾಯಿ ಬಂದಳು. ನಾನು ಏನನ್ನೂ ಕೇಳುವ ಮುನ್ನವೇ ಹೇಳಿದಳು: “ಏನು ಮಾಡಲಿ ಸಾರ್, ಬಾವಿ ಹತ್ತಿರವೇ ಇದೆ. ಕೂಲಿಗೆ ಹೋಗದಿದ್ದರೆ ಒಲೆ ಹತ್ತುವುದಿಲ್ಲ.” ಆಕೆಯನ್ನು ದೂರುವ ನಾಲಗೆ ನನಗಿಲ್ಲ. ಆ ಹುಡುಗನ ಹೆಸರು ಗೃಹಾಧಾರಿತ ಶಿಕ್ಷಣದ ಪಟ್ಟಿಯಲ್ಲಿತ್ತು; ಕಲಿಸುವವರು ಬಂದು ಹೋದ ದಿನಾಂಕಗಳಿಗೆ ಸಹಿಗಳೂ ಇದ್ದುವು. ತಾಯಿಯ ಕಣ್ಣಳತೆಯೆಂದು ನಾವು ಸಭೆಯಲ್ಲಿ ಹೇಳುವಾಗ, ಆ ಕಣ್ಣುಗಳು ಹಗಲೆಲ್ಲ ಪರರ ಹೊಲದ ಕಳೆಯ ಮೇಲಿರುವುವೆಂಬುದು ನೆನಪಿರಲಿ. ಇಂದು ಆ ಹುಡುಗ ಊರ ಶಾಲೆಗೆ ಹೋಗುತ್ತಾನೆ. ಓದು ಬರುವುದಿಲ್ಲ. ತಟ್ಟೆ ತೊಳೆದು ಜೋಡಿಸುತ್ತಾನೆ, ಗಂಟೆ ಬಾರಿಸುವ ಕೆಲಸ ಅವನದು, ಜತೆಯ ಹುಡುಗರು ಮನೆಯವರೆಗೆ ಬಿಟ್ಟುಬರುತ್ತಾರೆ. ಇದೇನು ವಿದ್ಯೆಯೆಂದು ಕೇಳುವವರು ಕೇಳಲಿ.

ಆದರೆ ಶಾಲೆಗೆ ಸೇರಿದ ಮಾತ್ರಕ್ಕೆ ರಕ್ಷಣೆಯಾಯಿತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಿದರೆ ಅದೂ ಕನಿಕರದಷ್ಟೇ ಕುರುಡು. ಇನ್ನೊಂದು ಶಾಲೆಯಲ್ಲಿ ಇಳಿಜಾರು ದಾರಿಯನ್ನು ಅಳೆಯಲು ಹೋಗಿದ್ದೆ. ಒಂದಡಿ ಏರುವುದಕ್ಕೆ ಹನ್ನೆರಡಡಿ ಉದ್ದ ಬೇಕೆಂಬುದು ನಿಯಮ. ಅಲ್ಲಿ ತರಗತಿಯ ಮುಂದಿನದು ನಿಯಮದಂತೆಯೇ ಇತ್ತು, ಕಂಬಿಯೂ ಇತ್ತು, ಮೇಲೆ ಬಣ್ಣದ ಚಿತ್ರವೂ ಇತ್ತು. ಶೌಚಾಲಯಕ್ಕೆ ಮಾತ್ರ ಎರಡು ಮೆಟ್ಟಿಲು. ಗಾಲಿಕುರ್ಚಿಯಲ್ಲಿ ಬರುವ ಹತ್ತು ವರ್ಷದ ಹುಡುಗಿಯೊಬ್ಬಳು ಬೆಳಗ್ಗೆ ಮನೆ ಬಿಟ್ಟಮೇಲೆ ಸಂಜೆಯವರೆಗೆ ನೀರು ಕುಡಿಯುತ್ತಿರಲಿಲ್ಲ. ಕುಡಿದರೆ ಯಾರಾದರೂ ಎತ್ತಿಕೊಂಡು ಹೋಗಬೇಕು. ಯಾರು ಎತ್ತುತ್ತಾರೆಂದು ಕೇಳಿದೆ. “ಯಾರು ಸಿಕ್ಕರೆ ಅವರು” ಎಂದರು.

ವಾಚಕರು ಈ ಮೂರು ಪದಗಳ ಮುಂದೆ ಕ್ಷಣಕಾಲ ನಿಲ್ಲಬೇಕೆಂದು ಬೇಡುತ್ತೇನೆ. ಹತ್ತು ವರ್ಷದ ಹೆಣ್ಣು ಮಗುವನ್ನು ಶೌಚಕ್ಕೆ ಎತ್ತಿಕೊಂಡು ಹೋಗುವವರು ಯಾರು ಸಿಕ್ಕರೆ ಅವರು. ನಾವು ನಮ್ಮ ಮನೆಯ ಮಕ್ಕಳಿಗೆ ಏನು ಕಲಿಸುತ್ತೇವೆ? ನಿನ್ನ ಮೈಯನ್ನು ಇನ್ನೊಬ್ಬರು ಮುಟ್ಟಬಾರದು, ಮುಟ್ಟಿದರೆ ಕೂಗು, ಓಡು, ಅಮ್ಮನಿಗೆ ಹೇಳು ಎಂದು. ಆ ಮಗುವಿಗೆ ಹುಟ್ಟಿದಂದಿನಿಂದ ಕಲಿಸಿರುವುದು ಇದಕ್ಕೆ ನೇರ ವಿರುದ್ಧವಾದುದು: ದೊಡ್ಡವರು ಬಂದು ಎತ್ತಿದಾಗ ಸುಮ್ಮನಿರು, ಬಟ್ಟೆ ಬಿಚ್ಚಿದಾಗ ಸುಮ್ಮನಿರು, ಕೈಕಾಲು ಜಗ್ಗಿ ವ್ಯಾಯಾಮ ಮಾಡಿಸಿದಾಗ ನೋವಾದರೂ ಸುಮ್ಮನಿರು, ಅದು ನಿನ್ನ ಒಳ್ಳೆಯದಕ್ಕೇ. ಇಷ್ಟು ವರ್ಷ ಸುಮ್ಮನಿರಲು ಕಲಿತ ಮಗು ಒಂದು ದಿನ ಇದ್ದಕ್ಕಿದ್ದಂತೆ ಕೂಗಬೇಕೆಂದು ನಾವು ಹೇಗೆ ಬಯಸುವುದು? ಆದ್ದರಿಂದ ಸಮನ್ವಯ ಶಿಕ್ಷಣವೂ ಶಿಶುರಕ್ಷಣೆಯೂ ಎರಡು ಇಲಾಖೆಗಳಲ್ಲ, ಎರಡು ಕಡತಗಳಲ್ಲ. ಆ ಶಾಲೆಯಲ್ಲಿ ನಾನು ಕೇಳಿಕೊಂಡದ್ದು ಇಷ್ಟೇ: ಮೆಟ್ಟಿಲನ್ನು ತೆಗೆಯಿರಿ, ಗೋಡೆಗೆ ಹಿಡಿಕಂಬಿ ಹಾಕಿಸಿರಿ, ಎತ್ತುವುದಕ್ಕೆ ಹೆಸರು ಹೇಳಿ ಇಬ್ಬರು ಹೆಂಗಸರನ್ನು ಗೊತ್ತುಮಾಡಿರಿ, ಎತ್ತುವ ಮೊದಲು ಪ್ರತಿಸಲವೂ “ಎತ್ತಲೇನಮ್ಮಾ?” ಎಂದು ಕೇಳಿರಿ, ಬೇಡವೆಂದರೆ ನಿಲ್ಲಿರಿ. ಕೊನೆಯದನ್ನು ಕೇಳಿ ಒಬ್ಬರು ನಕ್ಕರು.

ವ್ಯಾನಿನ ಪ್ರಸಂಗ ನಡೆದದ್ದು ಹೆಸರುವಾಸಿಯಾದ ಶಾಲೆಯೊಂದರಲ್ಲಿ. ಮಕ್ಕಳನ್ನು ಅಲ್ಲಿ ಸೇರಿಸಲು ನಮ್ಮಂತಹವರು ಸಾಲುನಿಲ್ಲುತ್ತೇವೆ. ಮಾತು ಸ್ಪಷ್ಟವಾಗಿ ಬಾರದ ಬಾಲಕಿ; ಪಕ್ಕದ ಹುಡುಗಿಯ ಮಾತನ್ನು ಹಿಡಿದು ವಿಚಾರಿಸಿದಾಗ, ಚಿತ್ರ ಬರೆದೂ ತೋರಿಸಿಯೂ ತನಗಾದುದನ್ನು ತಿಳಿಸಿದಳು. ಆ ಸಂಜೆಯೇ ಆಡಳಿತ ಸಮಿತಿಯವರು ಕೂಡಿದರು. ಎಲ್ಲರೂ ಪದವೀಧರರು; ಇಬ್ಬರು ವಕೀಲರು. “ಅವಳಿಗೆ ಮಾತೇ ಸರಿಯಾಗಿ ಬಾರದು, ಏನು ಹೇಳಿದಳೋ ನೀವು ಏನು ತಿಳಿದಿರೋ” ಎಂದರು ಒಬ್ಬರು. “ಹೆಣ್ಣು ಮಗುವಿನ ಭವಿಷ್ಯ” ಎಂದರು ಇನ್ನೊಬ್ಬರು. “ಸಂಸ್ಥೆಯ ಹೆಸರು” ಎಂಬುದನ್ನು ಎಲ್ಲರೂ ಸೇರಿ ಅಂದರು. ಕಡೆಗೆ ಒಂದು ಉಪಾಯ ಹೊಳೆಯಿತು: ಸಲಹೆಗಾರರು ಆ ಮಗುವಿಗೆ ಗೃಹಾಧಾರಿತ ಶಿಕ್ಷಣವೇ ಯೋಗ್ಯವೆಂದು ಒಂದು ಶಿಫಾರಸು ಬರೆದುಕೊಡಬೇಕು, ಚಾಲಕನನ್ನು ಮಾತಿಲ್ಲದೆ ಬಿಡಿಸಲಾಗುವುದು. ಅಂದರೆ ಅವನು ಮತ್ತೊಂದು ಶಾಲೆಯ ವ್ಯಾನು ಓಡಿಸಲಿ, ಮಗು ಮನೆಯಲ್ಲಿ ಕೂರಲಿ.

ಕಾಯಿದೆ ಏನು ಹೇಳುತ್ತದೆಂಬುದು ಆ ವಕೀಲರಿಗೆ ತಿಳಿಯದೆ ಇರಲಿಲ್ಲ. 2012ರ ಪೋಕ್ಸೊ ಕಾಯಿದೆಯ 19ನೆಯ ಕಲಮಿನಂತೆ ಇಂತಹ ಅಪರಾಧ ನಡೆದಿದೆಯೆಂದು ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವನಿಗೆ 21ನೆಯ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆಯುಂಟು. ಸಂಸ್ಥೆಯ ಹೊಣೆ ಹೊತ್ತವನು ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ನಿಜವೋ ಸುಳ್ಳೋ ಎಂದು ತೀರ್ಮಾನಿಸುವ ಅಧಿಕಾರವನ್ನು ಶಾಲೆಯ ಸಮಿತಿಗೆ ಯಾರೂ ಕೊಟ್ಟಿಲ್ಲ. ಮಗುವಿನ ವೈಕಲ್ಯವನ್ನು ಬಳಸಿಕೊಂಡು ಮಾಡಿದ ಅಪರಾಧವನ್ನು ಅದೇ ಕಾಯಿದೆ ಹೆಚ್ಚು ಘೋರವೆಂದು ಎಣಿಸುತ್ತದೆ. ಮಾತು ಬಾರದ ಮಗುವಿನ ಹೇಳಿಕೆಯನ್ನು ವಿಶೇಷ ಶಿಕ್ಷಕರ ಅಥವಾ ಸಂಜ್ಞೆ ಬಲ್ಲವರ ನೆರವಿನಿಂದ ಪಡೆಯುವ ಏರ್ಪಾಟು ಅದರಲ್ಲಿದೆ. ಮಗುವಿನ ಹೆಸರು ಹೊರಬೀಳದಂತೆ ಕಟ್ಟುಪಾಡು ಇದೆ. ಆದ್ದರಿಂದ ಮಗುವಿನ ಭವಿಷ್ಯದ ನೆಪ ನಿಲ್ಲುವುದಿಲ್ಲ.

ಇಲ್ಲಿ ನನ್ನ ತಪ್ಪನ್ನೂ ಬರೆದುಬಿಡುತ್ತೇನೆ. ಆ ಶಿಫಾರಸನ್ನು ನಾನು ಬರೆಯಲಿಲ್ಲ. ಆದರೆ ಆ ರಾತ್ರಿಯೇ ಠಾಣೆಗೂ ಹೋಗಲಿಲ್ಲ. ನಾಳೆ ಅವರೇ ಒಪ್ಪಿಯಾರು, ಒಳಗಿನಿಂದಲೇ ಆದರೆ ಲೇಸು ಎಂದು ನನಗೆ ನಾನೇ ಹೇಳಿಕೊಂಡೆ. ದಿನಚರಿಯಲ್ಲಿ ‘ಅಹಿತಕರ ಸಂದರ್ಭ’ ಎಂದು ಬರೆದೆ. ಮರುದಿನ ಬೆಳಗ್ಗೆ ಆ ವ್ಯಾನು ಎಂದಿನಂತೆ ಅದೇ ಬೀದಿಗೆ ಬಂದಿತು, ಅದೇ ಚಾಲಕ. ಬಾಲಕಿಯ ತಾಯಿ ಬಾಗಿಲು ಹಾಕಿಕೊಂಡು ಒಳಗಿದ್ದರು. ಉಳಿದ ಮಕ್ಕಳು ಹತ್ತಿದರು. ಆಮೇಲೆ ನಾನು ಠಾಣೆಗೆ ಹೋದೆ, ಮಕ್ಕಳ ಕಲ್ಯಾಣ ಸಮಿತಿಗೂ ತಿಳಿಸಿದೆ. ಆ ಒಂದು ರಾತ್ರಿಗೆ ನನ್ನ ಬಳಿ ಸಮಾಧಾನವಿಲ್ಲ. 1098 ಎಂಬ ನಾಲ್ಕಂಕಿಯ ದೂರವಾಣಿ ಹಗಲಿರುಳೂ ತೆರೆದಿರುತ್ತದೆಂದು ನೂರು ಸಭೆಗಳಲ್ಲಿ ಹೇಳಿದವನು ನಾನೇ.

ಈಗ ವಿದ್ಯಾವಂತ ಕುಟುಂಬಗಳ ಇನ್ನೊಂದು ಆಕ್ಷೇಪ. ಗೋಷ್ಠಿಯಲ್ಲಿ ಇದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಕೈತಟ್ಟುವುದರಲ್ಲಿ ಹೇಳಿದರು. “ಅಂತಹ ಮಗುವಿನ ಪಕ್ಕ ಕೂತರೆ ನಮ್ಮ ಮಗುವಿನ ಅಂಕ ಕಡಮೆಯಾಗುವುದಿಲ್ಲವೇ?” ಇಟಲಿಯವರು 1977ರಲ್ಲಿಯೇ ಕಾನೂನು ಮಾಡಿ ಪ್ರತ್ಯೇಕ ತರಗತಿಗಳನ್ನು ಎತ್ತಿಹಾಕಿದರು, ಅವರ ಮಕ್ಕಳು ಅಂದಿನಿಂದ ದಡ್ಡರಾದರೆಂದು ಯಾರೂ ದೂರಿಲ್ಲ. ಅವರು ಅದರ ಜೊತೆಗೆ ತರಗತಿಯ ಮಕ್ಕಳ ಸಂಖ್ಯೆಯನ್ನು ಇಳಿಸಿದರು, ನೆರವಿಗೆ ಇನ್ನೊಬ್ಬ ಉಪಾಧ್ಯಾಯರನ್ನು ಕೊಟ್ಟರು. ಹಾಗೆ ಮಾಡಿದರೆ ಲಾಭ ಎಲ್ಲ ಮಕ್ಕಳಿಗೂ. ಅರವತ್ತು ಮಕ್ಕಳನ್ನು ಒಂದು ಕೋಣೆಯಲ್ಲಿ ತುಂಬುವ ಶಾಲೆಗೆ ದುಬಾರಿ ಶುಲ್ಕ ತೆತ್ತು ತೆಪ್ಪಗಿರುವ ನಾವು, ಅರವತ್ತೊಂದನೆಯ ಮಗು ಕುಂಟುತ್ತ ಬಂದಾಗ ಮಾತ್ರ ಅಂಕಗಳ ಮಾತೆತ್ತುವುದು ವಿಚಿತ್ರ.

ಒಂದು ಕಡೆ ನಾನು ಹಿರಿಯರಿಗೆ ಅರ್ಧ ಸೋಲುತ್ತೇನೆ. ಕಿವುಡು ಮಕ್ಕಳ ಪ್ರಶ್ನೆ ಬೇರೆಯದು. ಸಂಜ್ಞಾಭಾಷೆ ಬಲ್ಲವರೊಬ್ಬರೂ ಇಲ್ಲದ ಶಾಲೆಯಲ್ಲಿ ಕಿವುಡು ಮಗುವನ್ನು ಕೂರಿಸುವುದು ಸಮನ್ವಯವಲ್ಲ, ಏಕಾಂತವಾಸ. 1880ರಲ್ಲಿ ಮಿಲಾನಿನಲ್ಲಿ ಕೂಡಿದ ಪಂಡಿತರು ಕಿವುಡರ ಶಿಕ್ಷಣದಲ್ಲಿ ಸಂಜ್ಞೆಯೇ ಕೂಡದು, ತುಟಿ ನೋಡಿ ಮಾತು ಕಲಿಯಲಿ ಎಂದು ನಿರ್ಣಯಿಸಿಬಿಟ್ಟರು. ಅದಕ್ಕಾಗಿ ವಿಷಾದ ಸೂಚಿಸಲು ಅಂತಹದೇ ಸಮ್ಮೇಳನವೊಂದು 2010ರಲ್ಲಿ ವ್ಯಾಂಕೂವರಿನಲ್ಲಿ ಕೂಡಬೇಕಾಯಿತು. ನಡುವೆ ನೂರಮೂವತ್ತು ವರ್ಷ. ಆ ಮಕ್ಕಳಿಗೆ ತಮ್ಮಂತಹವರ ಸಂಗವೂ ಬೇಕು, ತಮ್ಮದೇ ಭಾಷೆಯೂ ಬೇಕು. ಅದಕ್ಕೆ ಒಳ್ಳೆಯ ವಿಶೇಷ ಶಾಲೆ ಬೇಕಾದರೆ ಅದೂ ಇರಲಿ. 2016ರ ಕಾಯಿದೆಯೂ ನೆರೆಯ ಶಾಲೆಯನ್ನಾಗಲಿ ವಿಶೇಷ ಶಾಲೆಯನ್ನಾಗಲಿ ಆರಿಸಿಕೊಳ್ಳಲು ಅವಕಾಶವಿತ್ತಿದೆ. ನನ್ನ ಜಗಳ ವಿಶೇಷ ಶಾಲೆಯೊಡನೆ ಅಲ್ಲ, ಒಳಗೆ ಏನು ನಡೆಯುತ್ತದೆಂದು ಯಾರೂ ಇಣುಕದ ಶಾಲೆಯೊಡನೆ.

ಕಡೆಯದಾಗಿ ನನ್ನ ವೃತ್ತಿಯ ಮಾತು. ನಾವು ಸಲಹೆಗಾರರು ಕಾರಿನಲ್ಲಿ ಬರುತ್ತೇವೆ. ಗೋಡೆಯ ಮೇಲೆ ಬೆಳಕಿನ ಚಿತ್ರ ಬಿಡುತ್ತೇವೆ. ಉಪಾಧ್ಯಾಯರಿಗೆ ಒಂದು ದಿನದ ತರಬೇತಿ ಕೊಟ್ಟು, ಬಿಸ್ಕತ್ತು ತಿಂದು, ನಲವತ್ತು ಪುಟದ ವರದಿ ಬರೆದು ಹೋಗುತ್ತೇವೆ. ಒಂದು ದಿನದಲ್ಲಿ ಯಾರೂ ಬ್ರೈಲ್ ಲಿಪಿ ಕಲಿಯರು. ಬೇಕಾದದ್ದು ನಮ್ಮಂತಹ ಬಂದುಹೋಗುವವರಲ್ಲ, ಶಾಲೆಯಲ್ಲಿ ನೆಲೆ ನಿಲ್ಲುವ ವಿಶೇಷ ಶಿಕ್ಷಕರು. ಪ್ರಾಥಮಿಕ ತರಗತಿಗಳಲ್ಲಿ ಇಂತಹ ಹತ್ತು ಮಕ್ಕಳಿಗೆ ಒಬ್ಬರು, ಮೇಲಿನ ತರಗತಿಗಳಲ್ಲಿ ಹದಿನೈದಕ್ಕೆ ಒಬ್ಬರು ಇರತಕ್ಕದ್ದೆಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ವಿಧಿಸಿತು. ಹುದ್ದೆಗಳನ್ನು ಸೃಷ್ಟಿಸಿರೆಂದು ರಾಜ್ಯಗಳಿಗೆ 2025ರಲ್ಲಿ ಮತ್ತೆ ಹೇಳಬೇಕಾಯಿತು. ನಮ್ಮ ತಾಲ್ಲೂಕುಗಳಲ್ಲಿ ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರು ಊರಿಂದೂರಿಗೆ ಅಲೆಯುವುದನ್ನು ಕಂಡಿದ್ದೇನೆ. ಸೋಮವಾರ ಕಂಡ ಮಗುವನ್ನು ಮರಳಿ ಕಾಣುವುದು ಯಾವ ಸೋಮವಾರವೆಂದು ಅವರಿಗೇ ತಿಳಿಯದು. ನನ್ನ ಸಂಬಳದ ಬಾಬ್ತನ್ನು ಅಳಿಸಿ ಅಲ್ಲಿಗೆ ಎರಡು ಹುದ್ದೆ ಕೊಡುವುದಾದರೆ ನಾನು ಸಂತೋಷದಿಂದ ಮನೆಗೆ ಹೋಗುತ್ತೇನೆ. ಇದನ್ನು ವರದಿಯಲ್ಲಿಯೂ ಬರೆದಿದ್ದೇನೆ. ವರದಿಯನ್ನು ಓದಿದವರಾರೂ ನನಗೆ ಇನ್ನೂ ಸಿಕ್ಕಿಲ್ಲ.

ಗೋಷ್ಠಿ ಮುಗಿದ ಸಂಜೆ ನಾನು ನಮ್ಮ ಸಂಘದ ಸಭಾಭವನದ ಮುಂದೆ ನಿಂತು ಮೆಟ್ಟಿಲು ಎಣಿಸಿದೆ. ಏಳು ಮೆಟ್ಟಿಲು, ಒಂದೊಂದು ಆರಂಗುಲ, ಒಟ್ಟು ಮೂರೂವರೆ ಅಡಿ. ನಿಯಮದಂತೆ ನಲವತ್ತೆರಡು ಅಡಿ ಉದ್ದದ ಇಳಿಜಾರು ಬೇಕು, ನಡುವೆ ಒಂದು ತಿರುವು. ಎಡಗಡೆ ಮಲ್ಲಿಗೆಯ ಚಪ್ಪರದ ಪಕ್ಕ ಸ್ಥಳವಿದೆ. ಹಿರಿಯರನ್ನು ಮೊಣಕಾಲು ನೋವಿನ ದೆಸೆಯಿಂದ ಆ ದಿನ ಇಬ್ಬರು ತೋಳು ಹಿಡಿದು ಇಳಿಸುತ್ತಿದ್ದರು. ಅಳತೆ, ನಕ್ಷೆ, ವೆಚ್ಚದ ಅಂದಾಜು ಸಹಿತವಾಗಿ ಕಾರ್ಯಕಾರಿ ಸಮಿತಿಗೆ ಅರ್ಜಿ ಕೊಟ್ಟಿದ್ದೇನೆ. ಅದರ ಮೇಲೆ ಹಿರಿಯರ ಸಹಿಯನ್ನೂ ಬೇಡಿದ್ದೇನೆ. ಅರ್ಜಿ ಬರುವ ತಿಂಗಳ ಸಭೆಗೆ ಬರುತ್ತದೆ.